ಅಂಟಿನವನ ಬಿಕ್ಕಳಿಕೆ

ರಟ್ಟಿನ ಡಬ್ಬಿ ಕಾರ್ಖಾನೆಯ ಅಂಟಿನವನಿಗೆ ಬಿಕ್ಕಳಿಕೆ ಹತ್ತಿದ್ದು ಮೇಸ್ತ್ರಿಯ ದೆಸೆಯಿಂದ. "ಏಯ್ ಹೆಣ, ಕೈಯಲ್ಲಿ ಜೀವ ಇದೆಯೇನೋ?" ಅಂತ ದಿನಾ ಎಲ್ಲರೆದುರು ಬೈಸಿಕೊಂಡೂ ಬೈಸಿಕೊಂಡೂ, ಈಗ ಮೇಸ್ತ್ರಿಯ ಬೀಗದ ಕೈ ಗೊಂಚಲು ಎರಡು ಗೋಡೆಯಾಚೆ ಝಣ್ ಎಂದರೂ ಸಾಕು, ಇವನೆದೆಯಿಂದ 'ಹಿಕ್' ಎಂದು ಕಪ್ಪೆ ನೆಗೆಯುತ್ತಿತ್ತು. ಅನ್ನ ಇಳಿಯದು, ನಿದ್ದೆ ಹತ್ತದು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಡಬ್ಬಿ ಕಟ್ಟುವ ದಾರ ಬಿಗಿದುಕೊಂಡಿದ್ದ.

ಕೊನೆಗೆ ಹೆಂಡತಿಯೇ ಡಾಕ್ಟರ ಹತ್ತಿರ ಎಳೆದೊಯ್ದು ಚೀಟಿ ಬರೆಸಿದಳು: 'ಇವರನ್ನು ಮೇಸ್ತ್ರಿಯಿಂದ ದೂರವಿಡಿ.'

"ಗೋಡೌನಿಗೆ ಹಾಕಿಸ್ಕೊಳ್ಳಿ. ಇವತ್ತೇ ಮ್ಯಾನೇಜರಿಗೆ ಕೊಡಿ. ಇಲ್ಲಾಂದ್ರೆ ನಾನೇ ಬರ್ತೀನಿ," ಎಂದಳು.

ಚೀಟಿ ನೋಡಿದ್ದೇ ರಟ್ಟು ಕತ್ತರಿಸುವ ಅಕ್ಕ ಎದೆ ಬಡಿದುಕೊಂಡಳು. "ಅಯ್ಯೋ ತಮ್ಮಾ, ನೀನು ಹೋದ್ರೆ ನಮ್ಮ ಗತಿ?"

"ನಿಮಗೇನಕ್ಕಾ ಆಗಿರೋದು?"

"ನೀನು ಬಿಕ್ಕಿದ್ರೆ ತಾನೆ ನಾವು ಹರಟೆ ನಿಲ್ಸೋದು! ಎರಡು ವರ್ಷದಿಂದ ನಮಗೊಂದು ಬೈಗುಳ ಬಿದ್ದಿಲ್ಲ ಕಣೋ."

"ಮೊದ್ಲು ನೀರು ಕುಡಿ," ಎಂದು ಲೋಟ ಕೊಟ್ಟ ಮಿಷಿನ್ ಮಾವ, ಏನೋ ಹೊಳೆದು ಗಾಬರಿಯಿಂದ ಕಿತ್ತುಕೊಂಡ. "ಬೇಡ ಬೇಡ, ನಿಂತುಗಿಂತೀತು!"

ಅಂಟಿನವನ ಮೈ ಉರಿದುಹೋಯಿತು. "ನನ್ನ ಗಡ್ಡಕ್ಕೆ ಬೆಂಕಿ ಬಿದ್ರೆ ನೀವೆಲ್ಲ ಬೀಡಿ ಹಚ್ಕೋತಿದ್ರಾ?"

ಮಹಡಿ ಹತ್ತಹೊರಟವನನ್ನು ಇಬ್ಬರೂ ಹಿಂದಿನಿಂದ ಜಗ್ಗಿದರು. ಸೊಂಟದ ದಾರ ಪಟ್ಟನೆ ಹರಿಯಿತು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದುಕೊಂಡೇ ಹತ್ತಿದ.

ಮ್ಯಾನೇಜರು ಬೂಟು ಕಳಚಿ, ಕಾಲು ಮೇಜಿನ ಮೇಲಿಟ್ಟು ತೂಕಡಿಸುತ್ತಿದ್ದರು. ಚೀಟಿ ಓದಿ ನಿಟ್ಟುಸಿರಿಟ್ಟರು. "ಅವನು ಮಾಲೀಕರ ಭಾಮೈದ ಕಣಪ್ಪ. ಮೊನ್ನೆ ತೂಕಡಿಸ್ತಾ ಸಿಕ್ಕಿಬಿದ್ದೆ, ನನಗೂ 'ಹೆಣ' ಅಂದ. ಆದ್ರೂ ಪಾಪ, ನಿನ್ನನ್ನ ಗೋಡೌನಿಗೆ ಹಾಕ್ತೀನಿ ಬಿಡು."

ಪೆನ್ನಿನ ಮುಚ್ಚಳ ತೆಗೆದರು. ಅಂಟಿನವನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ,

"ಹಿಕ್!"

"ಏನಾಯ್ತೋ?"

"ಮೇಸ್ತ್ರಿ... ಮೆಟ್ಟಿಲು ಹತ್ತುತ್ತಿದಾರೆ ಸಾರ್."

ಮ್ಯಾನೇಜರು ಕಾಲಿಳಿಸಿ, ಬೂಟು ಮೆಟ್ಟಿ, ಫೈಲು ತೆರೆಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಮೇಸ್ತ್ರಿ ಫೈಲು ನೋಡಿದ, ಮ್ಯಾನೇಜರನ್ನು ನೋಡಿದ. ಬೈಯಲು ಏನೂ ಸಿಗದೆ ಇವನತ್ತ ತಿರುಗಿದ. "ಏಯ್ ಹೆಣ, ಸ್ಮಶಾನ ಕೆಳಗಿದೆ, ಇಳಿ!" ಎಂದು ಹೊರಟುಹೋದ.

ಮ್ಯಾನೇಜರು ಬೆವರೊರೆಸಿಕೊಂಡರು. ಅಂಟಿನವನನ್ನು ಅಡಿಯಿಂದ ಮುಡಿಯವರೆಗೆ, ಹೊಸದಾಗಿ ಕೊಂಡ ಗಡಿಯಾರವನ್ನು ನೋಡುವಂತೆ ನೋಡಿದರು. ಆಮೇಲೆ ಚೀಟಿಯನ್ನು ನಾಲ್ಕಾಗಿ ಮಡಿಸಿ ಡ್ರಾಯರಿಗೆ ಹಾಕಿ ಬೀಗ ಜಡಿದರು.

"ಗೋಡೌನು ಬೇಡ. ಇವತ್ತಿಂದ ನಿನ್ನ ಅಂಟಿನ ಮೇಜು ಇಲ್ಲೇ, ನನ್ನ ಬಾಗಿಲ ಹತ್ರ."

"ಸಾರ್, ಎದುರಿಗೇ ಮೇಸ್ತ್ರಿ ಕೋಣೆ..."

"ಅದಕ್ಕೇ!"

"ಹಿಕ್," ಎಂದ ಅಂಟಿನವನು.

ಮ್ಯಾನೇಜರು ಆಗಲೇ ಫೈಲು ತೆರೆದಾಗಿತ್ತು.