ಟೇಬಲ್ ಒರೆಸುವವನ ಅರಿವಳಿಕೆ

ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಅದಕ್ಕೆ ಸ್ವಲ್ಪ ಇಸ್ತ್ರಿ ಹಾಕಿಯೇ ಹೇಳುವವನು. ಕುಂದಾಪುರ ಕಡೆಯಿಂದ ಬಂದ ನಮಗೆ ನಾಸಿಕದಲ್ಲಿ ಒಂದು ಸಣ್ಣ ಶಾಕಾಹಾರಿ ಹೋಟೆಲಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ಹೆಂಡತಿ ಸುಮತಿ. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಟೇಬಲ್ ಒರೆಸುತ್ತಿರುತ್ತೇನೆ. ಕೊರೊನಾ ಹೋದರೂ ಅದು ಹಿಡಿಸಿದ ಹುಚ್ಚು ಹೋಗಿಲ್ಲ. ಕೈಯಲ್ಲಿ ಕ್ರಿಮಿನಾಶಕದ ಸ್ಪ್ರೇ ಬಾಟಲಿ ಇಲ್ಲದಿದ್ದರೆ ಅಂಗಿ ಹಾಕದೆ ಹೊರಗೆ ಬಂದಂತೆ ಅನಿಸುತ್ತದೆ. ಬೆರಳ ಸಂದುಗಳು ತುರಿಸತೊಡಗಿ ವರ್ಷಗಳಾದವು. ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಒರೆಸುತ್ತಿದ್ದೆ.

ಕಳೆದ ವರ್ಷ ಹರ್ನಿಯಾ ಆಪರೇಷನ್ನಿಗೆಂದು ಮಲಗಿದೆ. ಅರಿವಳಿಕೆಯ ಮದ್ದು ಚುಚ್ಚಿದ್ದೇ ತಡ, ಮೈಯೆಲ್ಲ ಕೆಂಪಾಗಿ ಬಿ.ಪಿ. ಪಾತಾಳಕ್ಕಿಳಿಯಿತಂತೆ. ವೈದ್ಯರು ನನ್ನನ್ನು ಉಳಿಸಿದರು. ಹರ್ನಿಯಾವೂ ಇದ್ದಲ್ಲೇ ಉಳಿಯಿತು. ಎಚ್ಚರವಾದಾಗ ಸುಮತಿಯ ಕಣ್ಣು ಅತ್ತು ಊದಿತ್ತು. ಏನಾಯಿತೆಂದು ಕೇಳಿದರೆ, "ಏನಿಲ್ಲ, ನೀವು ಸುಮ್ನೆ ಮಲಗಿ ಮಾರಾಯ್ರೆ" ಎಂದಳು.

ಎರಡು ತಿಂಗಳು ಬಿಟ್ಟು ಪರೀಕ್ಷೆಗೆಂದು ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಅರಿವಳಿಕೆ ವೈದ್ಯೆಗೆ ಒಂದೇ ಕುತೂಹಲ: ಹಿಂದೆಂದೂ ಆಪರೇಷನ್ ಆಗದವನ ಮೈಗೆ ಈ ಮದ್ದಿನ ಮೇಲೆ ಹಗೆ ಎಲ್ಲಿಂದ ಬಂತು?

"ಕಾಯ್ ಕಾಮ್ ಕರತಾ, ಕಾಕಾ?" ಎಂದು ನನ್ನ ಉದ್ಯೋಗ ಕೇಳಿದರು.

ಬೆನ್ನು ನೆಟ್ಟಗೆ ಮಾಡಿ ಮರಾಠಿಯಲ್ಲೇ ಹೇಳಿದೆ: "ಹೋಟೆಲ್ ಮಾಲೀಕ. ಗಲ್ಲಾದಲ್ಲಿ ಕೂರ್ತೇನೆ."

ಸುಮತಿ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಸತ್ಯ ಹೇಳಿ. ಇಲ್ಲಿ ಮರ್ಯಾದೆ ನೋಡಿದ್ರೆ ಜೀವ ಹೋಗ್ತದೆ." ನಾನು ಕೈಗಳನ್ನು ಮೇಜಿನ ಕೆಳಗೆ ಸರಿಸಿದೆ. ಅವಳೇ ನನ್ನ ಎರಡೂ ಕೈಗಳನ್ನು ಎತ್ತಿ ಮೇಜಿನ ಮೇಲಿಟ್ಟು, ಒರೆಸುವ ಪುರಾಣವನ್ನೆಲ್ಲ ಹೇಳಿಬಿಟ್ಟಳು.

ವೈದ್ಯೆ ನನ್ನ ಬೆರಳುಗಳನ್ನು ತಿರುಗಿಸಿ ನೋಡಿದರು. ಬಾಟಲಿಯ ಚೀಟಿಯ ಫೋಟೊ ತರಿಸಿಕೊಂಡು ಓದಿದರು. ಅದರೊಳಗಿನ ಒಂದು ರಾಸಾಯನಿಕಕ್ಕೂ ಅರಿವಳಿಕೆಯ ಜೊತೆ ಕೊಡುವ, ಸ್ನಾಯು ಸಡಿಲಿಸುವ ಮದ್ದಿಗೂ ಅಣ್ಣತಮ್ಮಂದಿರ ಹೋಲಿಕೆಯಂತೆ. ದಿನವೂ ಅಣ್ಣನನ್ನು ಕಂಡು ಬೇಸತ್ತ ಮೈ, ತಮ್ಮ ಬಂದ ಕೂಡಲೇ ಎಗರಿಬಿದ್ದಿರಬಹುದು. ಖಚಿತವೆಂದು ಹೇಳಲಾರೆ, ಸಾಧ್ಯತೆ ಇದೆ ಎಂದರು.

ಚರ್ಮದ ಪರೀಕ್ಷೆಯಲ್ಲಿ ತಂಟೆಯ ಮದ್ದು ಅದೇ ಎಂದು ತಿಳಿಯಿತು. ಬೇರೆ ಮದ್ದು ಕೊಟ್ಟು ಆಪರೇಷನ್ ಮಾಡಿದರು, ಸುಸೂತ್ರವಾಯಿತು. ಟೇಬಲ್ಲುಗಳಿಗೆ ಈಗ ಬರಿ ಸೋಪಿನ ನೀರು. ನನ್ನ ಜೇಬಿನಲ್ಲಿ ಆ ಮದ್ದಿನ ಹೆಸರು ಬರೆದ ಕಾರ್ಡು ಸದಾ ಇರಬೇಕೆಂದು ವೈದ್ಯೆಯ ಆಜ್ಞೆ.

ಇರುವುದೇನೋ ಇದೆ, ಆದರೆ ಜೇಬಿನೊಳಗೆ ನಿಲ್ಲುವುದಿಲ್ಲ. ಕಂಡಕಂಡವರಿಗೆ ತೋರಿಸುತ್ತೇನೆ. ಮೊನ್ನೆ ಸಲೂನಿನವನಿಗೂ ತೋರಿಸಿದೆ. ಆತ ಅದನ್ನು ಎರಡೂ ಬದಿ ತಿರುಗಿಸಿ ನೋಡಿ, "ಶೇಠ್, ಕಟಿಂಗಿಗೆ ನಾವು ಪ್ರಜ್ಞೆ ತಪ್ಪಿಸೋದಿಲ್ಲ" ಎಂದು ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸಿದ.