ಮೆಲ್ಕಾರಿನ ಆಪರೇಟರ್ ಅತ್ತೆ

ನನ್ನ ಅತ್ತೆಗೆ ಭೂಮಿಯ ಮೇಲಿನ ಎಲ್ಲ ಖಂಡಗಳಲ್ಲೂ ಪರಿಚಯದವರಿದ್ದಾರೆ. ಅವರಲ್ಲಿ ಒಬ್ಬರ ಹೆಸರೂ ಅತ್ತೆಗೆ ಗೊತ್ತಿಲ್ಲ. ಅತ್ತೆಯ ಹೆಸರು ಅವರಿಗೂ ಗೊತ್ತಿಲ್ಲ. ನೀವು ನಗಬಹುದು, ಅಭ್ಯಂತರವಿಲ್ಲ. ನಮ್ಮ ಊರು ಮೆಲ್ಕಾರಿನಲ್ಲಿ ನಕ್ಕವರು ಬೇಕಾದಷ್ಟು ಮಂದಿ ಇದ್ದಾರೆ, ನಮ್ಮ ಮಾವನವರೇ ಮೊದಲಿಗರು.

ಹೆಸರು ಕೇಳದೆ ಮಾತಾಡುವುದು ನಮ್ಮ ಕಡೆ ಸಣ್ಣ ಸಂಗತಿಯೇ? ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ ಹತ್ತಿ ಅಕ್ಕಪಕ್ಕ ಕುಳಿತ ಇಬ್ಬರು ಪುಂಜಾಲಕಟ್ಟೆ ಬರುವುದರೊಳಗೆ ಸಂಬಂಧಿಕರಾಗಿರುತ್ತಾರೆ. ನಿಮ್ಮದು ಯಾವ ಮನೆ, ತಾಯಿಯ ಕಡೆ ಎಲ್ಲಿ, ಓ ಹಾಗಾದರೆ ನೀವು ನಮ್ಮ ಅತ್ತಿಗೆಯ ತಂಗಿಯ ಮೈದುನ! ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ಹೆಂಗಸು ಅಪರಿಚಿತರ ಹೆಸರು ಕೇಳದೆ ಗಂಟೆಗಟ್ಟಲೆ ಮಾತಾಡಬೇಕಾದರೆ ಅದಕ್ಕೆ ತರಬೇತಿ ಬೇಕು. ಅತ್ತೆಗೆ ಅದು ಸಿಕ್ಕಿತ್ತು. ಬಂಟ್ವಾಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಆಪರೇಟರ್ ಆಗಿದ್ದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮುಂಬಯಿಯ ಮಗನನ್ನು ಊರಿನ ತಾಯಿಗೆ, ಅಡಿಕೆ ವ್ಯಾಪಾರಿಯನ್ನು ಅವನ ಮಂಡಿಗೆ ಜೋಡಿಸಿ ಕೊಡುವುದೇ ಕೆಲಸ. ಎಕ್ಸ್‌ಚೇಂಜಿನ ಭಾಷೆಯಲ್ಲಿ ಮಾತಾಡುವ ಗಿರಾಕಿ ಎಂದರೆ "ಪಾರ್ಟಿ". ಊರೆಲ್ಲ ಅವರ ಮೂಲಕವೇ ಮಾತಾಡಿತು. ಅವರಿಗೆ ಮಾತ್ರ ಮಾತಾಡುವ ಹಾಗಿರಲಿಲ್ಲ.

ನನ್ನ ಮಗಳು ಮೂಡುಬಿದಿರೆಯಲ್ಲಿ ಕಾಲೇಜು ಓದುತ್ತಾಳೆ. ಇಂಗ್ಲಿಷ್ ಅಭ್ಯಾಸವಾಗಲಿ ಎಂದು ಅವಳು ಮೊಬೈಲಿಗೆ ಒಂದು ಆಪ್ ಹಾಕಿಕೊಂಡಿದ್ದಳು. ಗುಂಡಿ ಒತ್ತಿದರೆ ಪ್ರಪಂಚದ ಯಾವುದೋ ಮೂಲೆಯಿಂದ ಯಾರದೋ ಧ್ವನಿ ಬರುತ್ತದೆ. ಹೆಸರಿಲ್ಲ, ಮುಖವಿಲ್ಲ. ಸಾಕಾದರೆ ಕೆಂಪು ಗುಂಡಿ ಒತ್ತಿ ಎದ್ದು ಹೋಗಬಹುದು. ಮಗಳಿಗೆ ನಾಚಿಕೆಯಾಗಿ ಬೇಗನೇ ಕೈಬಿಟ್ಟಳು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಗಮನಿಸಿದ್ದ ಅಜ್ಜಿ, "ನನ್ನದಕ್ಕೂ ಅದನ್ನು ಹಾಕಿ ಕೊಡು ಮಾರಾಯ್ತಿ" ಎಂದರು.

ಮೊದಲ ಕರೆ ಬಂದಾಗ ಮನೆಯವರೆಲ್ಲ ಸುತ್ತ ನೆರೆದಿದ್ದೆವು. ಆ ಕಡೆಯಿಂದ ಯಾರೋ ಹುಡುಗ "ಹಲೋ" ಎಂದ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಘನಗಂಭೀರ ಸ್ವರದಲ್ಲಿ ಹೇಳಿದರು: "ನಂಬರ್ ಪ್ಲೀಸ್."

ಹುಡುಗ ಫೋನಿಟ್ಟು ಓಡಿದ.

"ನಂಬರ್ ಗೊತ್ತಿಲ್ಲದೆ ಯಾಕೆ ಕಾಲ್ ಬುಕ್ ಮಾಡುವುದು ಇವರೆಲ್ಲ?" ಎಂದರು ಅತ್ತೆ.

ಆಮೇಲೆ ರೂಢಿಯಾಯಿತು. ಒಮ್ಮೆ ಒಬ್ಬ ಪುಂಡ ಸಿಕ್ಕಿದ. ತಗ್ಗಿದ ಧ್ವನಿಯಲ್ಲಿ, ನೀವೀಗ ಏನು ಹಾಕಿಕೊಂಡಿದ್ದೀರಿ ಎಂದು ಕೇಳಿದ. ನಾನು ಫೋನು ಕಸಿದುಕೊಳ್ಳಲು ಎದ್ದೆ. ಅತ್ತೆ ಕೈಸನ್ನೆಯಲ್ಲೇ ನನ್ನನ್ನು ತಡೆದು, ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ನೂಲಿನ ಸೀರೆ, ಎರಡೂ ಮಂಡಿಗೆ ಬೆಲ್ಟು, ಅದರ ಒಳಗೆ ಎಣ್ಣೆ ಹಚ್ಚಿದ ಬಟ್ಟೆ. ಮೆಟ್ಟಿಲು ಹತ್ತುವಾಗ ಎಡಮಂಡಿ ಹೇಗೆ ಕಟಕಟ ಅನ್ನುತ್ತದೆ ಎಂಬುದನ್ನೂ ವಿವರಿಸಿದರು. ಕೊನೆಗೆ ಆ ಪುಂಡ, ತನ್ನ ಅಜ್ಜಿಗೂ ಹೀಗೇ ಇತ್ತೆಂದು ಹೇಳಿ ಒಂದು ವ್ಯಾಯಾಮ ಕಲಿಸಿದ. ಅತ್ತೆ ಈಗಲೂ ಬೆಳಿಗ್ಗೆ ಕುರ್ಚಿ ಹಿಡಿದು ಅದನ್ನು ಮಾಡುತ್ತಾರೆ. "ಒಳ್ಳೆ ಮನೆತನದ ಹುಡುಗ" ಎಂದು ಸರ್ಟಿಫಿಕೇಟು ಬೇರೆ.

ಇನ್ನೊಮ್ಮೆ ಚಿಲಿ ದೇಶದ ಒಬ್ಬ ಹೆಂಗಸು. ಅಕ್ಕನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿವೆ ಎಂದು ಅತ್ತಳು. ಅತ್ತೆ ಸಮಾಧಾನ ಹೇಳಲಿಲ್ಲ. "ಮನೆಯಲ್ಲಿ ಇನ್ನೊಂದು ಫೋನ್ ಉಂಟಾ?" ಎಂದು ತಮ್ಮ ಇಂಗ್ಲಿಷಿನಲ್ಲಿ ಕೇಳಿದರು. ಇತ್ತು. ಅದರಿಂದ ಅಕ್ಕನಿಗೆ ಫೋನು ಮಾಡಿಸಿದರು. ಅಕ್ಕ ಎತ್ತಿಕೊಂಡದ್ದೇ ತಡ, ಅತ್ತೆ ತಮ್ಮ ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿ ಕಾಯಿ ತುರಿಯಲು ಹೋದರು.

"ಏನಾಯ್ತು ಅಂತ ಕೇಳುವುದಿಲ್ವಾ ಅತ್ತೆ?" ನನಗೆ ತಡೆಯಲಾಗಲಿಲ್ಲ.

"ಪಾರ್ಟಿ ಮಾತಾಡುವಾಗ ಆಪರೇಟರ್ ಕೇಳಬಾರದು."

"ಅವರು ಮಾತಾಡುವುದು ಸ್ಪ್ಯಾನಿಷ್ ಅತ್ತೆ."

"ಆದರೂ ಕೇಳಬಾರದು. ಕನೆಕ್ಷನ್ ಕೊಡುವುದು ನನ್ನ ಕೆಲಸ. ರಾಜಿ ಮಾಡಿಸುವುದಲ್ಲ."

ಮಾವನವರಿಗೆ ಇದೆಲ್ಲ ಸರಿ ಬರುತ್ತಿರಲಿಲ್ಲ. "ನನಗೆ ಚಾ ಕೊಡಲಿಕ್ಕೆ ಪುರುಸೊತ್ತಿಲ್ಲ ಇವಳಿಗೆ. ಬ್ರೆಜಿಲಿನವರ ಜೊತೆ ಪಟ್ಟಾಂಗಕ್ಕೆ ಉಂಟು" ಎಂದು ಪೇಪರಿನ ಹಿಂದಿನಿಂದ ಗೊಣಗುತ್ತಿದ್ದರು. ಆ ಗೊಣಗಾಟ ನಿಂತದ್ದು ಮಾರ್ಚ್ ತಿಂಗಳ ಒಂದು ಭಾನುವಾರ.

ಬೆಳಿಗ್ಗೆ ನಾನು ಬಸಳೆ ಹೆಚ್ಚುತ್ತಿದ್ದೆ. ಹೆದ್ದಾರಿಯ ಧೂಳು, ಬಿಸಿಲು, ಸೆಕೆ. ಫ್ಯಾನಿನ ಕೆಳಗೆ ಕುಳಿತು ಅತ್ತೆ ಗುಂಡಿ ಒತ್ತಿದರು. ಬಂದದ್ದು ಗಂಡಸಿನ ಧ್ವನಿ, ನಿಧಾನಕ್ಕೆ, ನಾಲಿಗೆ ದಪ್ಪಗಾದವರ ಹಾಗೆ. ಕೆನಡಾದಲ್ಲಿ ಅವನ ವ್ಯಾನು ಹಿಮದಲ್ಲಿ ಜಾರಿ ರಸ್ತೆ ಬಿಟ್ಟು ಹೂತುಹೋಗಿತ್ತು. ಸಹಾಯಕ್ಕೆ ಫೋನು ಮಾಡಿದ್ದಾನೆ, ಬರುತ್ತಾರೆ, ಆದರೆ ರಸ್ತೆ ಮುಚ್ಚಿದೆ. ಆ ಚಳಿಯಲ್ಲಿ ನಿದ್ದೆ ಹೋದರೆ ಜೀವಕ್ಕೇ ಅಪಾಯ, ಅಲ್ಲಿಯವರೆಗೆ ಎಚ್ಚರವಾಗಿರು ಎಂದಿದ್ದಾರೆ. ಹೆಂಡತಿಗೆ ಹೇಳಿದರೆ ಹೆದರಿ ತಾನೇ ಕಾರು ತೆಗೆದುಕೊಂಡು ಹೊರಟುಬಿಡುತ್ತಾಳೆ. ಅದಕ್ಕೇ ಗುರುತಿಲ್ಲದವರ ಜೊತೆ ಮಾತಾಡುವ ಎಂದು ಈ ಆಪಿನ ಗುಂಡಿ ಒತ್ತಿದೆ, ಎಂದ.

ಅತ್ತೆ ನನಗೆ ಚಾರ್ಜರ್ ತರಲು ಸನ್ನೆ ಮಾಡಿದರು. ಆಮೇಲೆ, ಹಿಂದಿನ ಕಾಲದ ದೂರದೂರಿನ ಕರೆಗಳ ಮೂರು ನಿಮಿಷದ ಲೆಕ್ಕದಂತೆ ಅವನಿಗೆ ಹೇಳಿದರು: "ಇದು ಟ್ರಂಕ್ ಕಾಲ್. ಮೂರು ನಿಮಿಷಕ್ಕೊಮ್ಮೆ ನಾನು ಕೇಳ್ತೇನೆ. ನೀವು 'ಎಕ್ಸ್‌ಟೆಂಡ್' ಅನ್ನಬೇಕು. ಇಲ್ಲದಿದ್ದರೆ ಲೈನ್ ಕಟ್."

ಅವನಿಗೆ ನಗು ಬಂತು. ಒಳ್ಳೆಯದಾಯಿತು, ನಗುವವನು ನಿದ್ದೆ ಹೋಗುವುದಿಲ್ಲ. ಅತ್ತೆ ಅವನಿಗೆ ಕೆಸುವಿನ ಎಲೆಯ ಪತ್ರೊಡೆ ಮಾಡುವುದನ್ನು ಹೇಳಿಕೊಟ್ಟರು. ಕೆಸುವಿನ ಎಲೆ ಎಂದರೇನೆಂದು ಅವನಿಗೆ ತಿಳಿಯಲಿಲ್ಲ. ಅದನ್ನು ವಿವರಿಸುವುದಕ್ಕೇ ಸಾಕಷ್ಟು ಹೊತ್ತು ಹೋಯಿತು. ನಡುವೆ ಗೋಡೆ ಗಡಿಯಾರ ನೋಡಿ, "ಥ್ರೀ ಮಿನಿಟ್ಸ್ ಓವರ್. ಎಕ್ಸ್‌ಟೆಂಡ್?" ಅವನು "ಎಕ್ಸ್‌ಟೆಂಡ್" ಎನ್ನುತ್ತಿದ್ದ. ಪ್ರತಿ ಸಲವೂ ಆ ಮಾತು ಸ್ವಲ್ಪ ತಡವಾಗಿ ಬರುತ್ತಿತ್ತು.

ಒಂದು ಸಲ ಬರಲೇ ಇಲ್ಲ.

"ಎಕ್ಸ್‌ಟೆಂಡ್?" ಅತ್ತೆ ಮತ್ತೆ ಕೇಳಿದರು. ಮಾವನವರು ಪೇಪರು ಮಡಚಿದರು. ಅತ್ತೆ ಎದ್ದು ನಿಂತು ಕೂಗಿದರು. ಆ ಸ್ವರವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಳೆಗೆ ಲೈನು ಕೆಟ್ಟಾಗ ಬಂಟ್ವಾಳದಿಂದ ಮುಂಬಯಿಗೆ ಮುಟ್ಟುವಂತೆ ಕೂಗಿ ಪಳಗಿದ ಸ್ವರ ಅದು. "ಪಾರ್ಟಿ ಸ್ಪೀಕ್! ಪಾರ್ಟಿ ಸ್ಪೀಕ್!"

ಆ ಕಡೆ ಏನೋ ಕದಲಿತು. "ಎಕ್ಸ್‌ಟೆಂಡ್," ಎಂದ ಅವನು, "ಎಕ್ಸ್‌ಟೆಂಡ್, ಮೇಡಂ."

ಆಮೇಲೆ ಅತ್ತೆ ಅವನನ್ನು ಒಂದು ಗಳಿಗೆಯೂ ಬಿಡಲಿಲ್ಲ. ಬೈದರು. ಕಾಲು ಆಡಿಸಲು ಹೇಳಿದರು. ಕೈ ಉಜ್ಜಿಸಿದರು. ಪತ್ರೊಡೆ ಮಾಡುವ ಕ್ರಮವನ್ನು ಅವನ ಬಾಯಿಂದ ಹೇಳಿಸಿ, ಹುಣಸೆಹುಳಿ ಬಿಟ್ಟುಹೋಯಿತೆಂದು ಮತ್ತೆ ಮೊದಲಿಂದ ಹೇಳಿಸಿದರು. ಕೊನೆಗೆ ದೂರದಲ್ಲಿ ಯಂತ್ರದ ಸದ್ದು ಕೇಳಿಸಿತು, ಬಾಗಿಲು ಬಡಿದದ್ದು ಕೇಳಿಸಿತು, ಬೇರೆ ಗಂಡಸರ ಮಾತು ಕೇಳಿಸಿತು. ಅವನು ಅಳುತ್ತ ಅತ್ತೆಯ ಹೆಸರು ಕೇಳಿದ.

"ಆಪರೇಟರ್," ಎಂದರು ಅತ್ತೆ.

"ಥ್ಯಾಂಕ್ ಯೂ, ಆಪರೇಟರ್."

ಲೈನು ಹೋಯಿತು. ಮಾವನವರು ಒಳಗೆ ಹೋಗಿ ತಾವೇ ಚಾ ಮಾಡಿಕೊಂಡು ಬಂದು ಅತ್ತೆಯ ಮುಂದಿಟ್ಟರು. ಈ ಸಂಗತಿಯನ್ನು ನಾನು ಮೆಲ್ಕಾರಿನಿಂದ ಕಲ್ಲಡ್ಕದವರೆಗೆ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ನನ್ನ ಅತ್ತೆ ಎಂದು ಎದೆ ಸೆಟೆಸಿಯೇ ಹೇಳಿದ್ದೇನೆ. ಅದರ ನಂತರ ಆದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅತ್ತೆ ಲೋಟ ಎತ್ತಿಕೊಂಡರು. ಕುಡಿಯಲಿಲ್ಲ, ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಬಿಸಿ ಕಾಯಿಸಿಕೊಂಡರು. ಚಾ ಆರಿದ ಮೇಲೆ ನಾನು ಲೋಟ ತೆಗೆದಿಟ್ಟೆ.

"ಫ್ಯಾನ್ ನಿಲ್ಲಿಸು ಮಗಾ," ಎಂದರು. "ಚಳಿ ಆಗ್ತಾ ಉಂಟು."

ಮದುವೆಯಾಗಿ ಬಂದಂದಿನಿಂದ ನಾನು ಅವರಿಗೆ "ನೀನು", "ಮಾರಾಯ್ತಿ", ಬಹಳ ಪ್ರೀತಿ ಬಂದರೆ "ಇವಳು". "ಮಗಾ" ಅಂದದ್ದು ಅದೇ ಮೊದಲು. ಫ್ಯಾನು ನಿಲ್ಲಿಸಿ ಬಂದು ಪಕ್ಕದಲ್ಲಿ ಕುಳಿತು ಅವರ ಎರಡೂ ಕೈ ಹಿಡಿದುಕೊಂಡೆ. ಆ ಮಾರ್ಚ್ ಸೆಕೆಯಲ್ಲಿ ಇಬ್ಬರೂ ಬೆವರುತ್ತ, ಅವರ ಚಳಿ ಬಿಡುವವರೆಗೆ ಹಾಗೇ ಕುಳಿತಿದ್ದೆವು.