ಎದೆಯ ಮಿಷನ್ನೂ ಬೆಟ್ಟದ ಮೆಟ್ಟಿಲೂ

ನನ್ನ ಎದೆಬಡಿತ ಬಿಟ್ಟುಬಿಟ್ಟು ಬರ್ತಿತ್ತು ಅಂತ ಡಾಕ್ಟರಮ್ಮ ಎಡಭುಜದ ಕೆಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಮಿಷನ್ ಕೂರಿಸಿದರು. ಮೈ ಅಲುಗಿದಷ್ಟೂ ಬಡಿತ ಏರಿಸುವ ಜಾಣ ಮಿಷನ್. ಅವತ್ತಿನಿಂದ ನಮ್ಮನೇಲಿ ನಗುವಿಗೆ ಬರ ಇಲ್ಲ. ಬದುಕಿ ಬಂದರೆ ಚನ್ನಗಿರಿ ಬೆಟ್ಟ ಹತ್ತಿ ಕಾಯಿ ಒಡೆಸ್ತೀನಿ ಅಂತ ಹರಕೆ ಹೊತ್ತಿದ್ದೆ. ಹತ್ತಾಕೆ ಆಗ್ತದೋ ಇಲ್ಲವೋ, ಅದೊಂದೇ ದಿಗಿಲು.

೧. ಹಿಂದಿನ ಸೀಟು

ಹೊನ್ನಾಳಿಯಿಂದ ಸಾಸ್ವೆಹಳ್ಳಿಗೆ ಬಸ್ಸಿನ ಕೊನೇ ಸೀಟು. ರಸ್ತೆ ಗುಂಡಿಗೆ ಬಸ್ಸು ಕುಲುಕಿದಂಗೆಲ್ಲ ನನ್ನೆದೆ ದಬದಬ.

"ರೀ, ಕೂತಲ್ಲೇ ಕೂತೀನಿ, ಎದೆ ಮಾತ್ರ ಓಡ್ತಾ ಐತೆ."

ನಮ್ಮ ಯಜಮಾನರು ಕಿಟಕಿ ಕಡೆ ನೋಡ್ತಲೇ ಅಂದರು: "ಹಂಗಾರೆ ಇಳಿದು ಓಡು. ಬಸ್ಸಿಗಿಂತ ಮುಂಚೆ ಮುಟ್ತೀಯ."

೨. ಹತ್ತೋದು, ಇಳಿಯೋದು

ನ್ಯಾಮತಿಯಲ್ಲಿ ಮಗಳ ಮನೆ ಮಹಡಿ ಹತ್ತಿ ನೋಡಿದೆ. ಹತ್ತುವಾಗ ಏದುಸಿರು, ಬಡಿತ ಏರಲೇ ಇಲ್ಲ. ಇಳಿಯುವಾಗ ನಗಾರಿ. ಹೋಗಿ ಡಾಕ್ಟರಮ್ಮನಿಗೆ ಹೇಳಿದೆ.

"ನೀವು ಮೆಲ್ಲಗೆ ಹತ್ತಿದರೆ ಅದು ಸುಮ್ಮನೆ ಕೂತೀರಿ ಅಂದ್ಕೊಳ್ಳುತ್ತೆ ಅಜ್ಜಿ. ದಡದಡ ಇಳಿದರೆ ಓಡ್ತಿದೀರಿ ಅಂದ್ಕೊಳ್ಳುತ್ತೆ."

"ನಮ್ಮ ಯಜಮಾನರ ಥರಾನೇ ಬಿಡ್ರಿ. ನಾನು ಗೇಯುವಾಗ ಅವರ ಕಣ್ಣಿಗೆ ಕಾಣಲ್ಲ, ಪಾತ್ರೆ ಕುಕ್ಕಿದರೆ ಓಡಿ ಬರ್ತಾರೆ."

ಡಾಕ್ಟರಮ್ಮ ನಕ್ಕು, ಎದೆ ಮೇಲೆ ಏನೋ ಒಂದು ಇಟ್ಟು, ಹೊರಗಿಂದಲೇ ಮಿಷನ್ನಿಗೆ ಬುದ್ಧಿ ಹೇಳಿದರು. "ಬಡಿತ ಒಮ್ಮೆಲೇ ಏರಿಳಿದರೆ ತಾಳ ತಪ್ಪುತ್ತೆ, ಅದಕ್ಕೆ ನಿಧಾನ ಏರೋ ಹಂಗೆ ಇಟ್ಟೀನಿ. ಎಷ್ಟು ಕುಲುಕಿದರೂ ಒಂದು ಮಿತಿ ದಾಟಲ್ಲ. ಇನ್ನು ಬೆಟ್ಟ ಹತ್ತಿ. ಹತ್ತೋ ಮುಂಚೆ ಎಡಭುಜ ಒಂದಿಷ್ಟು ಆಡಿಸಿ, ಅದಕ್ಕೆ ಎಚ್ಚರ ಆಗ್ಲಿ."

೩. ಬೆಟ್ಟದ ಪದ್ಧತಿ

ಮೊದಲ ಮೆಟ್ಟಿಲ ಹತ್ರ ನಿಂತು ಎಡಭುಜ ಮೂರು ಸಲ ಕುಣಿಸಿದೆ. ಹತ್ತು ಮೆಟ್ಟಿಲಿಗೊಂದು ಸಲ ನಿಂತೆ, ಕುಣಿಸಿದೆ, ಹತ್ತಿದೆ. ಯಜಮಾನರು ಕಾಯಿ ಹಿಡಕೊಂಡು ಹಿಂದೆ. ಎದೆ ಹದವಾಗಿ ಬಡೀತಾ ನನ್ನ ಜೊತೆ ಜೊತೆಗೇ ಬಂತು. ಮೇಲೆ ಮುಟ್ಟಿ ದೇವರಿಗೆ ಕೈ ಮುಗಿದೆ, ಡಾಕ್ಟರಮ್ಮನಿಗೆ ಮುಗಿದೆ, ಈ ಮಿಷನ್ ಕಂಡುಹಿಡಿದ ಹೆಸರು ಗೊತ್ತಿಲ್ಲದ ಪುಣ್ಯಾತ್ಮರಿಗೂ ಮುಗಿದೆ. ಕಣ್ಣು ತುಂಬಿ ಬಂತು.

ಕಣ್ಣೊರೆಸಿ ತಿರುಗಿದರೆ, ನಮ್ಮ ಹಿಂದೆ ಹತ್ತಿದ ಮಂದಿಯೆಲ್ಲ ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಭಕ್ತಿಯಿಂದ ಎಡಭುಜ ಮೂರು ಸಲ ಕುಣಿಸ್ತಾ ಇದ್ದಾರೆ.

ಪೂಜಾರಪ್ಪ ಕಾಯಿ ಒಡೆದು ಕೇಳಿದರು: "ಅಲ್ಲ ತಾಯಿ, ಇದು ಯಾವ ಕಡೆ ಪದ್ಧತಿ?"

"ಆಸ್ಪತ್ರೆ ಕಡೇದು ಸ್ವಾಮಿ," ಅಂದೆ.